ನಮ್ಮ ಪೇಜಿನ ಜಗಳಗಳು: ಜನ ಪದೇ ಪದೇ ಕೇಳುವ ಪ್ರಶ್ನೆಗಳು

ಶಿವಮೊಗ್ಗದಲ್ಲಿ ಮದುವೆ ಊಟಕ್ಕೆ ಕೂತರೆ ಪಾಯಸ ಬರುವ ಮೊದಲೇ ಪಕ್ಕದವರು ಕೇಳುತ್ತಾರೆ: "ನೀವು ಆ ಹಾಡಿನ ಪೇಜಿನವರಲ್ವಾ?" ಹೌದು ಅಂದರೆ ಮುಂದಿನ ಪ್ರಶ್ನೆ ಯಾವಾಗಲೂ ಜಗಳದ ಬಗ್ಗೆಯೇ. ಹಾಡು ಹೇಗಿತ್ತು ಅಂತ ಕೇಳುವವರು ಕಡಿಮೆ.

2019ರಿಂದ ಐದು ಜನ ಸೇರಿ ಹಾಡು ಮತ್ತು ಕಾಮಿಡಿ ವಿಡಿಯೊ ಮಾಡುತ್ತಿದ್ದೇವೆ. ನನ್ನದು ರೆಕಾರ್ಡಿಂಗ್, ಮಿಕ್ಸಿಂಗ್ ಕೆಲಸ. ಪೇಜಿನ ಹೆಸರು ಇಲ್ಲಿ ಹಾಕುತ್ತಿಲ್ಲ, ಗೊತ್ತಿದ್ದವರಿಗೆ ಗೊತ್ತು. ಫೋನಲ್ಲಿ, ಮೆಸೇಜಲ್ಲಿ, ಅಡಿಕೆ ಮಂಡಿ ಮುಂದೆ ನಿಲ್ಲಿಸಿ ಕೇಳಿದ ಪ್ರಶ್ನೆಗಳನ್ನು ಕೇಳಿದವರ ಮಾತಲ್ಲೇ ಬರೆದಿದ್ದೇನೆ. ನಾನು ವಕೀಲ ಅಲ್ಲ. ಇಲ್ಲಿರುವ ಕಾನೂನೆಲ್ಲ ಪೆಟ್ಟು ತಿಂದು ಕಲಿತದ್ದು.

## ಮೊದಲು ಸುಲಭದ್ದು

ನಿಮ್ಮ ಮೇಲೆ ಒಟ್ಟು ಎಷ್ಟು ಕೇಸಿದೆ ಮಾರಾಯ್ರೆ?

ಒಂದೂ ಇಲ್ಲ. ಒಂದು ಸಲ ಸ್ಟೇಷನ್ನಿಗೆ ಕರೆದಿದ್ದರು. ಎರಡು ಗಂಟೆ ಬೆಂಚಿನ ಮೇಲೆ ಕೂತು, ದೂರು ಕೊಟ್ಟವರ ಜೊತೆ ಮಾತಾಡಿ, ವಾಪಸ್ ಬಂದೆವು. ಊರಲ್ಲಿ ಸುದ್ದಿ ಹಬ್ಬುವಾಗ ಅದು ಮೂರು ಕೇಸಾಗಿತ್ತು.

ಬೆದರಿಕೆ ಮಾತ್ರ ವಾರಕ್ಕೊಂದು ಬರುತ್ತದೆ. "66ಎ ಹಾಕಿಸ್ತೀನಿ" ಅನ್ನುವವರು ಈಗಲೂ ಇದ್ದಾರೆ. ಆನ್‌ಲೈನಲ್ಲಿ ಬೇರೆಯವರಿಗೆ ನೋವಾಗುವಂಥದ್ದು ಹಾಕಿದರೆ ಜೈಲು ಅನ್ನುತ್ತಿದ್ದ ಐಟಿ ಕಾಯ್ದೆಯ ಆ ಸೆಕ್ಷನ್ನನ್ನು ಸುಪ್ರೀಂ ಕೋರ್ಟ್ 2015ರಲ್ಲೇ ರದ್ದು ಮಾಡಿದೆ. ಹಾಗಂತ ಏನು ಬೇಕಾದರೂ ಹೇಳಬಹುದು ಅಂತಲ್ಲ. ಮಾನಹಾನಿ ಈಗಲೂ ಅಪರಾಧವೇ. ಭಾರತೀಯ ನ್ಯಾಯ ಸಂಹಿತೆಯಲ್ಲಿ ಅದು 356ನೇ ಸೆಕ್ಷನ್.

ಒಂದು ಹಾಡು ಹಾಡಿದ್ದಕ್ಕೆ ಇಷ್ಟೊಂದು ರಾದ್ಧಾಂತ ಯಾಕೆ?

ಒಂದು ಹಾಡಲ್ಲಿ ಮೂರು ಆಸ್ತಿ ಇರುತ್ತದೆ. ಸಾಹಿತ್ಯ ಒಬ್ಬರದು, ಧಾಟಿ ಇನ್ನೊಬ್ಬರದು, ರೆಕಾರ್ಡಿಂಗ್ ಮತ್ತೊಬ್ಬರದು. ಒಬ್ಬರನ್ನು ಕೇಳಿ ಮೂವರನ್ನೂ ಕೇಳಿದಂತೆ ಅಂದುಕೊಳ್ಳುವಲ್ಲೇ ಅರ್ಧ ಜಗಳ ಹುಟ್ಟುತ್ತದೆ.

ಸಾಹಿತ್ಯ ಬೇರೆ, ಧಾಟಿ ಬೇರೆ ಅನ್ನುವುದಕ್ಕೆ ನಮ್ಮ ನಾಡಗೀತೆಯೇ ಸಾಕ್ಷಿ. ಕುವೆಂಪು ಬರೆದದ್ದರಲ್ಲಿ ಯಾರಿಗೂ ತಕರಾರಿಲ್ಲ. ಆದರೆ ಮೈಸೂರು ಅನಂತಸ್ವಾಮಿಯವರ ಧಾಟಿಯೋ ಸಿ. ಅಶ್ವತ್ಥ್ ಅವರ ಧಾಟಿಯೋ ಅಂತ ವರ್ಷಗಟ್ಟಲೆ ವಾದ ನಡೆಯಿತು. ಕೊನೆಗೆ 2022ರಲ್ಲಿ ಸರ್ಕಾರವೇ ಅನಂತಸ್ವಾಮಿಯವರ ಧಾಟಿ, ಎರಡೂವರೆ ನಿಮಿಷ ಅಂತ ಆದೇಶ ಮಾಡಬೇಕಾಯಿತು. ಅಲ್ಲೇ ಹಾಗಾದರೆ ನಮ್ಮ ಪಾಡು ಏನು ಹೇಳಿ.

ಮೂವತ್ತು ಸೆಕೆಂಡ್ ಒಳಗೆ ಬಳಸಿದ್ರೆ ಏನೂ ಆಗಲ್ವಂತೆ, ಹೌದಾ?

ಅಲ್ಲ. 1957ರ ಕಾಪಿರೈಟ್ ಕಾಯ್ದೆಯಲ್ಲಿ ಸೆಕೆಂಡಿನ ಲೆಕ್ಕವೇ ಇಲ್ಲ. ವಿಮರ್ಶೆ ಮಾಡುವಾಗ, ಸುದ್ದಿ ಹೇಳುವಾಗ ಸ್ವಲ್ಪ ಬಳಸಲು ಅವಕಾಶ ಇದೆ. ಜೋಗದ ವಿಡಿಯೊ ಹಿಂದೆ ಸಿನಿಮಾ ಹಾಡಿನ ಪಲ್ಲವಿ ಹಾಕುವುದು ವಿಮರ್ಶೆ ಆಗುವುದಿಲ್ಲ. ಇನ್‌ಸ್ಟಾಗ್ರಾಂನವರೇ ಕೊಡುವ ಹಾಡಿನ ಪಟ್ಟಿಯಿಂದ ಹಾಕಿದರೆ ಅದು ಬೇರೆ, ಅಲ್ಲಿ ಕಂಪನಿಗಳ ಜೊತೆ ಅವರ ಒಪ್ಪಂದ ಇರುತ್ತದೆ. ಅಂಗಡಿ ಜಾಹೀರಾತಿಗೆ ಅದೇ ಹಾಡು ಬಳಸಿದರೆ ಮತ್ತೆ ತೊಂದರೆ.

ಮದುವೆ ಮನೇಲಿ ಹಾಡಿದ್ರೆ ಯಾರೂ ಕೇಳಲ್ಲ. ಅದನ್ನೇ ಅಪ್ಲೋಡ್ ಮಾಡಿದ್ರೆ ಯಾಕೆ ಕೇಳ್ತಾರೆ?

ಮದುವೆ, ದಿಬ್ಬಣ, ಪೂಜೆಯಲ್ಲಿ ಹಾಡುವುದಕ್ಕೆ, ಹಾಡು ಹಾಕುವುದಕ್ಕೆ ಕಾಯ್ದೆಯೇ ವಿನಾಯಿತಿ ಕೊಟ್ಟಿದೆ. ಆ ವಿನಾಯಿತಿ ಚಪ್ಪರದ ಒಳಗೆ ಮಾತ್ರ. ವಿಡಿಯೊ ಯೂಟ್ಯೂಬಿಗೆ ಹೋದ ಕೂಡಲೇ ಅದು ಬೇರೆ ಬಳಕೆ.

## ಹಾಡಿನ ಜಗಳ

ವಚನಕ್ಕೂ ಜನಪದಕ್ಕೂ ಕಾಪಿರೈಟ್ ಉಂಟಾ?

ಅಕ್ಕಮಹಾದೇವಿ ನಮ್ಮ ಶಿಕಾರಿಪುರ ತಾಲೂಕಿನ ಉಡುತಡಿಯವರು, ಅಲ್ಲಮ ಬಳ್ಳಿಗಾವಿಯವರು. ಇಬ್ಬರೂ 12ನೇ ಶತಮಾನದವರು. ಅವರ ವಚನದ ಸಾಲಿಗೆ ಯಾರೂ ಹಕ್ಕು ಹೇಳುವಂತಿಲ್ಲ. ಆದರೆ ನೀವು ಕೇಳಿ ಕಲಿತ ಧಾಟಿ ಮೊನ್ನೆ ಮೊನ್ನೆ ಯಾರೋ ಕೂರಿಸಿದ್ದಾಗಿರಬಹುದು. ನಾವು ಮಾಡಿದ ಮೊದಲ ತಪ್ಪೇ ಇದು. ವಚನ ಅಲ್ವಾ, ಎಲ್ಲರದ್ದು ಅಂತ ಹಾಡಿ ಹಾಕಿದೆವು. ಧಾಟಿ ಕೂರಿಸಿದವರು ಫೋನ್ ಮಾಡಿದರು. ಪಾಪ, ಅವರು ದುಡ್ಡು ಕೇಳಲಿಲ್ಲ, ಹೆಸರು ಕೇಳಿದರು. ಅವತ್ತೇ ಹಾಕಿದೆವು.

ಜನಪದದ್ದೂ ಅದೇ ಕತೆ. ಪದ ಎಲ್ಲರದ್ದು. ಒಬ್ಬರು ಅದಕ್ಕೆ ವಾದ್ಯ ಜೋಡಿಸಿ ರೆಕಾರ್ಡ್ ಮಾಡಿದರೆ ಆ ರೆಕಾರ್ಡಿಂಗ್ ಅವರದ್ದು, 60 ವರ್ಷ. ಯಕ್ಷಗಾನವೂ ಎಲ್ಲರದ್ದೇ. ಆದರೂ ಶಿವರಾಮ ಕಾರಂತರು ತಾವೇ ರೂಪಿಸಿದ ಯಕ್ಷಗಾನ ಪ್ರಯೋಗಗಳ ಹಕ್ಕು ಯಾರಿಗೆ ಅನ್ನುವ ಜಗಳ ಸುಪ್ರೀಂ ಕೋರ್ಟ್ ಮೆಟ್ಟಿಲು ಹತ್ತಿ, 2009ರಲ್ಲಿ ತೀರ್ಪು ಬಂತು. ಕಾರಂತರ ಉಯಿಲು ನೋಡಿ ಕೋರ್ಟು ತೀರ್ಮಾನ ಮಾಡಿತು.

ಕುವೆಂಪು ಪದ್ಯ ಹಾಡೋಕೂ ಪರ್ಮಿಷನ್ ಬೇಕಾ? ನಮ್ಮೂರಿನವರಲ್ವಾ ಅವರು?

ಬೇಕು. ತೀರ್ಥಹಳ್ಳಿಯವರಿಗೆ ಇದನ್ನು ಹೇಳುವುದು ಎಷ್ಟು ಕಷ್ಟ ಅಂತ ನನಗೆ ಗೊತ್ತು. ಕವಿ ತೀರಿಕೊಂಡ ವರ್ಷ ಮುಗಿದ ಮೇಲೆ 60 ವರ್ಷ ಹಕ್ಕು ಇರುತ್ತದೆ. ಕುವೆಂಪು ತೀರಿಕೊಂಡದ್ದು 1994ರಲ್ಲಿ, ಅಂದರೆ 2054ರ ಕೊನೆಯವರೆಗೆ. ಶಿಕಾರಿಪುರದ ಜಿ.ಎಸ್. ಶಿವರುದ್ರಪ್ಪ 2013ರಲ್ಲಿ ಹೋದರು, ಅವರದ್ದು 2073. ಸಹ್ಯಾದ್ರಿ ಕಾಲೇಜಿನಲ್ಲಿ ಪಾಠ ಮಾಡಿದ ನಿಸಾರ್ ಅಹಮದ್ ಅವರದ್ದು 2080. ಮನೆಯಲ್ಲಿ ಹಾಡಿಕೊಳ್ಳಿ, ಯಾರೂ ಬರುವುದಿಲ್ಲ. ಪೇಜಿಗೆ ಹಾಕಿ ಅದರಿಂದ ದುಡ್ಡು ಬರುವುದಾದರೆ ಹಕ್ಕು ಇರುವವರಿಗೆ ಒಂದು ಪತ್ರ ಬರೆಯಿರಿ. ನಮ್ಮ ಅನುಭವದಲ್ಲಿ ಕವಿಗಳ ಮನೆಯವರು ಬೇಡ ಅನ್ನುವುದು ಕಡಿಮೆ. ಕೇಳದೆ ಹಾಕಿದರೆ ಬೇಜಾರಾಗುತ್ತಾರೆ.

ಆ ಅಜ್ಜಿ ಹಾಡನ್ನ ನೀವು ಕದ್ರಿ ಅಂತಾರಲ್ಲ, ನಿಜಾನಾ?

ಇದನ್ನು ಪೂರ್ತಿ ಹೇಳುತ್ತೇನೆ, ಅರ್ಧಂಬರ್ಧ ಕೇಳಿದವರೇ ಜಾಸ್ತಿ.

ಹೊಸನಗರ ತಾಲೂಕಿನ ನಗರ ಅನ್ನುವ ಊರಿನ ಹತ್ತಿರ ಒಂದು ಮನೆ. ಅಡಿಕೆ ಸುಗ್ಗಿ. ಅಂಗಳದ ಚಪ್ಪರದಲ್ಲಿ ಏಳೆಂಟು ಹೆಂಗಸರು ಮೆಟ್ಟುಗತ್ತಿ ಮುಂದೆ ಕೂತು ಅಡಿಕೆ ಸುಲಿಯುತ್ತಿದ್ದರು. ಅವರಲ್ಲಿ ಒಬ್ಬ ಅಜ್ಜಿ ಹಾಡುತ್ತಿದ್ದರು, ಯಾರಿಗೂ ಅಂತಲ್ಲ, ಸುಮ್ನೆ. ನಾನು ಕೇಳಿದೆ, ರೆಕಾರ್ಡ್ ಮಾಡ್ಲಾ ಅಂತ. "ಹಾಡ್ತೀನಪ್ಪ, ಮುಖ ಮಾತ್ರ ಬ್ಯಾಡ" ಅಂದರು. ಕತ್ತಿ ನಿಲ್ಲಿಸಿ ಅಂದರೆ ಹಾಡೇ ಬರುವುದಿಲ್ಲ ಅಂದರು. ಹಾಗಾಗಿ ಟಕ್ ಟಕ್ ಸದ್ದು ಸಮೇತ ರೆಕಾರ್ಡ್ ಆಯಿತು. ನಡುವೆ ಒಂದು ಹುಂಜ ಕೂಗಿತು. ತೆಗೆಯಲು ಮನಸ್ಸಾಗಲಿಲ್ಲ, ಬಿಟ್ಟೆ.

ವಿಡಿಯೊ ಓಡಿತು. ನಾವು ಕೆಳಗೆ ಹಾಕಿದ್ದು ಒಂದೇ ಪದ: "ಜನಪದ." ವಾರದೊಳಗೆ ಅಜ್ಜಿಯ ಮೊಮ್ಮಗ ಫೋನ್ ಮಾಡಿದ. "ಜನಪದ ಅಂದ್ರೆ ಯಾರು? ನಮ್ಮಜ್ಜಿಗೆ ಹೆಸರಿಲ್ವಾ?" ನನ್ನ ಹತ್ತಿರ ಉತ್ತರ ಇರಲಿಲ್ಲ. ಮುಖ ಬೇಡ ಅಂದಿದ್ದರು, ಹೆಸರು ಬೇಡ ಅಂದಿರಲಿಲ್ಲ. ನಾವು ಕೇಳಿಯೇ ಇರಲಿಲ್ಲ. ಕಾಯ್ದೆ ಪ್ರಕಾರ ಹಾಡಿದವರಿಗೂ ಹಕ್ಕಿದೆ, ತಮ್ಮ ಹಾಡಿಕೆಗೆ ಹೆಸರು ಹೇಳಿಸಿಕೊಳ್ಳುವ ಹಕ್ಕೂ ಸೇರಿ. ಹಾಡು ಎಷ್ಟು ಹಳೆಯದು ಅನ್ನುವುದು ಅಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ಕದ್ದಿರಿ ಅಂದರೆ ನನಗೆ ಸಿಟ್ಟು ಬರುತ್ತದೆ. ಆದರೆ ಆ ಮಾತು ಯಾಕೆ ಹುಟ್ಟಿತು ಅಂತ ಗೊತ್ತಿದೆ.

ಇಷ್ಟರ ಮೇಲೆ ತಮಾಷೆ ನೋಡಿ. ಎಲ್ಲಿಯದೋ ಒಬ್ಬ ಹುಡುಗ ಅದೇ ರೆಕಾರ್ಡಿಂಗಿಗೆ ಡಿಜೆ ಬೀಟ್ ಸೇರಿಸಿ, ಒಂದು ವಿತರಣಾ ಕಂಪನಿ ಮೂಲಕ ಎಲ್ಲ ಕಡೆ ಬಿಟ್ಟ. ಆ ಕಂಪನಿಯ ಹೆಸರಲ್ಲಿ ನಮ್ಮ ವಿಡಿಯೊ ಮೇಲೇ ಕ್ಲೈಮ್ ಬಂತು: ಇದು ನಮ್ಮ ಹಾಡು ಅಂತ! ಜಾಹೀರಾತಿನ ದುಡ್ಡು ಅತ್ತ ಹೋಗಲು ಶುರುವಾಯಿತು. ನಾವು ತಕರಾರು ಹಾಕಿದೆವು. ಸಾಕ್ಷಿ ಏನು ಕೊಟ್ಟೆವು ಗೊತ್ತಾ? ಆ ಹುಂಜ. ಅವನ ರೀಮಿಕ್ಸಿನಲ್ಲೂ ಬೀಟಿನ ಹಿಂದೆ ಅದೇ ಜಾಗದಲ್ಲಿ ಅದೇ ಹುಂಜ ಕೂಗುತ್ತಿತ್ತು. ಕೆಲವು ವಾರದ ಮೇಲೆ ಕ್ಲೈಮ್ ಬಿಟ್ಟರು.

ಕ್ಲೈಮ್ ಬಂದ್ರೆ ಚಾನೆಲ್ ಹೋಯ್ತು ಅಂತಾನಾ?

ಇಲ್ಲ, ಹೆದರಬೇಡಿ. ಕ್ಲೈಮ್ ಬೇರೆ, ಸ್ಟ್ರೈಕ್ ಬೇರೆ. ಕಂಟೆಂಟ್ ಐಡಿ ಕ್ಲೈಮ್ ಅಂದರೆ ಮೆಷಿನ್ನು ಸದ್ದು ಹೋಲಿಸಿ ನೋಡಿ ಹೇಳುವುದು. ಸಾಮಾನ್ಯವಾಗಿ ವಿಡಿಯೊ ಉಳಿಯುತ್ತದೆ, ದುಡ್ಡು ಮಾತ್ರ ಅವರಿಗೆ ಹೋಗುತ್ತದೆ. ನೀವು ತಕರಾರು ಹಾಕಿದರೆ ಉತ್ತರ ಕೊಡಲು ಅವರಿಗೆ 30 ದಿನ ಸಮಯ. ಕ್ಲೈಮ್ ಬಂದ ಐದು ದಿನದೊಳಗೆ ತಕರಾರು ಹಾಕಿದರೆ ಅಷ್ಟೂ ದಿನದ ದುಡ್ಡನ್ನು ಯೂಟ್ಯೂಬೇ ಹಿಡಿದಿಟ್ಟುಕೊಂಡು, ಗೆದ್ದವರಿಗೆ ಕೊಡುತ್ತದೆ. ನಮಗೆ ಈ ಐದು ದಿನದ ವಿಷಯ ಗೊತ್ತಾಗಿದ್ದು ಎಂಟನೇ ದಿನ.

ಸ್ಟ್ರೈಕ್ ಅಂದರೆ ಹಕ್ಕು ಇರುವವರು ಕಾನೂನು ಪ್ರಕಾರ ತೆಗೆಸುವುದು. 90 ದಿನದಲ್ಲಿ ಮೂರು ಬಿದ್ದರೆ ಚಾನೆಲ್ಲೇ ಹೋಗಬಹುದು. ಅದಕ್ಕೆ ಹೆದರಬೇಕು.

## ಕಾಮಿಡಿ ಮಾಡಿ ಬೈಸಿಕೊಂಡದ್ದು

ನಮ್ಮ ಮಾತನ್ನ ಆಡ್ಕೊಂಡು ನಗ್ತೀರಲ್ಲ, ನಾಚಿಕೆ ಆಗಲ್ವಾ?

ಆಗಿದೆ. ಒಂದು ವಿಡಿಯೊದಲ್ಲಿ ತೋಟದ ಯಜಮಾನ ಪುಸ್ತಕದ ಕನ್ನಡ ಮಾತಾಡುತ್ತಿದ್ದ, ಕೆಲಸಕ್ಕೆ ಬಂದವನು ಹಳ್ಳಿ ಮಾತು. ನಗು ಬರುವುದೆಲ್ಲ ಅವನ ಮಾತಿಗೆ. ನಮಗೆ ಅದರಲ್ಲಿ ಏನೂ ಕಾಣಲಿಲ್ಲ, ಯಾಕೆಂದರೆ ಮನೆಯಲ್ಲಿ ನಾವೂ ಹಾಗೇ ಮಾತಾಡುವವರು.

ಸೊರಬದ ಕಡೆಯ ಒಬ್ಬ ಮೇಷ್ಟ್ರು ಫೋನ್ ಮಾಡಿದರು. ಬೈಯಲಿಲ್ಲ. "ನಗೋದಕ್ಕೆ ಅಡ್ಡಿಲ್ಲ. ಆದ್ರೆ ನಮ್ಮ ಮಾತು ದಡ್ಡನ ಬಾಯಲ್ಲೇ ಯಾಕೆ?" ಅಂದರು. ಆಮೇಲೆ ಹಳೆಯ ವಿಡಿಯೊ ಎಲ್ಲ ತಿರುಗಿ ನೋಡಿದೆ. ಹತ್ತರಲ್ಲಿ ಎಂಟು ಹಾಗೇ ಇತ್ತು. ಈಗ ನಮ್ಮ ವಿಡಿಯೊದಲ್ಲಿ ಬ್ಯಾಂಕ್ ಮ್ಯಾನೇಜರ್ರೂ ಹಳ್ಳಿ ಮಾತಾಡುತ್ತಾರೆ, ಡಾಕ್ಟರೂ ಆಡುತ್ತಾರೆ. ಯಾರೂ ಕಡಿಮೆ ನಗಲಿಲ್ಲ. ಜಾತಿ ಹೆಸರು ಹಿಡಿದು ಮಾಡುವ ತಮಾಷೆ ಮೊದಲೂ ಮಾಡಿಲ್ಲ, ಈಗಲೂ ಇಲ್ಲ. ಅದಕ್ಕೆ ಕಾನೂನೂ ಗಟ್ಟಿ ಇದೆ, ಇರಬೇಕು ಕೂಡ.

ಅಂಟಿಗೆ-ಪಂಟಿಗೆ ರೀಲ್ ಚೆನ್ನಾಗಿತ್ತು. ಯಾಕೆ ತೆಗೆದ್ರಿ?

ಅದು ಮೇ ತಿಂಗಳಲ್ಲಿ ಶೂಟ್ ಮಾಡಿದ್ದು, ಅದಕ್ಕೆ. ನಮ್ಮ ಕಡೆ ದೀಪಾವಳಿಯಲ್ಲಿ ದೇವರ ಮುಂದೆ ಹಚ್ಚಿದ ದೀಪ ಹಿಡಿದು, ರಾತ್ರಿಯಿಡೀ ಮನೆ ಮನೆಗೆ ಹಾಡಿಕೊಂಡು ಹೋಗುತ್ತಾರೆ, ಅದೇ ಅಂಟಿಗೆ-ಪಂಟಿಗೆ. ದಾರಿಯಲ್ಲಿ ದೀಪ ಆರಬಾರದು. ಮನೆಯವರು ಆ ದೀಪದಿಂದ ತಮ್ಮ ದೀಪ ಹಚ್ಚಿಕೊಂಡು, ಎಣ್ಣೆ ಎರೆದು, ಅಕ್ಕಿ, ಕಾಣಿಕೆ ಕೊಡುತ್ತಾರೆ. ನಾವು ಬ್ಯಾಟರಿ ದೀಪ ಹಿಡಿದು, ಹೊಸ ಪಂಚೆ ಉಟ್ಟ ಕಾಲೇಜು ಹುಡುಗರನ್ನು ಜಗಲಿ ಮೇಲೆ ನಿಲ್ಲಿಸಿ, ನಡುಬೇಸಿಗೆಯಲ್ಲಿ ಶೂಟ್ ಮಾಡಿದ್ದೆವು.

ಸಾಗರ ತಾಲೂಕಿನ ಒಬ್ಬ ಹಿರಿಯರು, ನಲವತ್ತು ವರ್ಷ ಹಾಡಿದವರು, "ಹಬ್ಬ ಇಲ್ದೆ ದೀಪ ಹೊರಡಬಾರದು" ಅಂದರು. ಇದು ಕಾನೂನಿನ ಮಾತಲ್ಲ. ಕೋರ್ಟಲ್ಲಿ ನಾವೇ ಗೆಲ್ಲುತ್ತಿದ್ದೆವೇನೋ. ಅವರ ಮನೆಗೆ ಹೋಗಿ, ಅವರ ಎದುರೇ ರೀಲ್ ಅಳಿಸಿದೆವು. ಮುಂದಿನ ದೀಪಾವಳಿಗೆ ಅವರ ತಂಡದ ಹಿಂದೆ ಎರಡು ರಾತ್ರಿ ನಡೆದೆ. ಲೈಟ್ ಹಾಕಬಾರದು ಅಂತ ಷರತ್ತು. ಹಾಗಾಗಿ ವಿಡಿಯೊದಲ್ಲಿ ಒಂದು ದೀಪ, ನಾಲ್ಕು ಕೈ, ಒಂದು ನಾಯಿ ಬಿಟ್ಟರೆ ಏನೂ ಕಾಣುವುದಿಲ್ಲ. ಸದ್ದು ಮಾತ್ರ ನಾನು ಈವರೆಗೆ ಮಾಡಿದ್ದರಲ್ಲೇ ಒಳ್ಳೆಯದು.

ಬಸ್ ಸ್ಟ್ಯಾಂಡಲ್ಲಿ ಪ್ರಾಂಕ್ ಮಾಡೋದು ಯಾಕೆ ನಿಲ್ಲಿಸಿದ್ರಿ?

ಒಬ್ಬ ಹೆಂಗಸು ಅತ್ತುಬಿಟ್ಟರು. ಆಸ್ಪತ್ರೆಯಿಂದ ಬರುತ್ತಿದ್ದರಂತೆ. ವಿಡಿಯೊ ಹಾಕಲಿಲ್ಲ, ಆಮೇಲೆ ಪ್ರಾಂಕ್ ಮಾಡಲೂ ಇಲ್ಲ.

ಕೊಡಚಾದ್ರಿಲಿ ಡ್ರೋನ್ ಹಾರಿಸಿ ಸಿಕ್ಕಿಬಿದ್ರಂತೆ?

ಅದು ನಾವಲ್ಲ, ಬೇರೆ ತಂಡ. ಬೈಗುಳ ಮಾತ್ರ ನಮಗೂ ಬಂತು. ಕೊಡಚಾದ್ರಿ ಮೂಕಾಂಬಿಕಾ ವನ್ಯಜೀವಿ ಧಾಮದೊಳಗೆ ಬರುತ್ತದೆ. ಅಭಯಾರಣ್ಯದಲ್ಲಿ ಚಿತ್ರೀಕರಣಕ್ಕೆ ಅರಣ್ಯ ಇಲಾಖೆಯ ಅನುಮತಿ ಬೇಕು. ಟಿಕೆಟ್ ತಗೊಂಡು ಹತ್ತಿದ್ದೇವೆ ಅಂದರೆ ಶೂಟಿಂಗಿಗೆ ಅನುಮತಿ ಸಿಕ್ಕಿತು ಅಂತಲ್ಲ.

## ದುಡ್ಡು ಮತ್ತು ಹೆಸರು

ತಿಂಗಳಿಗೆ ಲಕ್ಷಗಟ್ಟಲೆ ಬರುತ್ತಂತೆ ಹೌದಾ?

ಬಂದರೆ ನಾನು ಮದುವೆ ಆರ್ಡರ್ ಹಿಡಿದು ಸೌಂಡ್ ಬಾಕ್ಸ್ ಹೊರುತ್ತಿರಲಿಲ್ಲ. ಯೂಟ್ಯೂಬ್ ಜಾಹೀರಾತಿನ ಪಾಲು ಕೊಡಬೇಕಾದರೆ ಸಾವಿರ ಸಬ್‌ಸ್ಕ್ರೈಬರ್ ಇರಬೇಕು. ಜೊತೆಗೆ ಒಂದು ವರ್ಷದಲ್ಲಿ 4,000 ಗಂಟೆ ನೋಡಿರಬೇಕು, ಇಲ್ಲವೇ 90 ದಿನದಲ್ಲಿ ಒಂದು ಕೋಟಿ ಶಾರ್ಟ್ಸ್ ವೀಕ್ಷಣೆ ಆಗಿರಬೇಕು. ಅಷ್ಟಾದ ಮೇಲೂ ಕನ್ನಡ ವಿಡಿಯೊಗೆ ಬರುವುದು ಚಿಲ್ಲರೆ. ಹೊಟ್ಟೆ ತುಂಬುವುದು ಅಂಗಡಿ, ಹೋಂಸ್ಟೇ ಪ್ರಚಾರದಿಂದ.

ಬೆಟ್ಟಿಂಗ್ ಆ್ಯಪಿಗೆ ಪ್ರಚಾರ ಮಾಡಿದ್ದು ಸುಳ್ಳು ಅಂತ ಹೇಳ್ತೀರಾ?

ಹೇಳುವುದಿಲ್ಲ. ಒಂದು ಮಾಡಿದೆವು, 2021ರಲ್ಲಿ. ಲಾಕ್‌ಡೌನಿನಿಂದ ಮದುವೆ ಆರ್ಡರ್ ಇರಲಿಲ್ಲ, ಹದಿನೈದು ಸಾವಿರ ದೊಡ್ಡದಾಗಿ ಕಂಡಿತು. ಇದು ನೆಪ ಅಂತ ನನಗೂ ಗೊತ್ತು. ನಮ್ಮ ವಿಡಿಯೊ ನೋಡಿ ಆಡಿದ ಒಬ್ಬ ಹುಡುಗ ಕಾಲೇಜು ಫೀಸ್ ಕಳಕೊಂಡ. ಅವನ ಅಪ್ಪ ನಮ್ಮ ರೂಮಿಗೆ ಬಂದು, ಏನೂ ಮಾತಾಡದೆ ಮೊಬೈಲಲ್ಲಿ ನಮ್ಮದೇ ವಿಡಿಯೊ ಹಾಕಿ ಮೇಜಿನ ಮೇಲಿಟ್ಟರು. ಅವತ್ತು ಆ ಹದಿನೈದು ಸಾವಿರ ಅವರಿಗೆ ಕೊಟ್ಟೆವು. ಅವರ ಮಗ ಕಳಕೊಂಡದ್ದು ಅದಕ್ಕಿಂತ ಜಾಸ್ತಿ.

ಈಗ ಕಾನೂನು ಬಿಗಿಯಾಗಿದೆ. 2025ರಲ್ಲಿ ಸಂಸತ್ತು ಪಾಸು ಮಾಡಿದ ಆನ್‌ಲೈನ್ ಗೇಮಿಂಗ್ ಕಾಯ್ದೆ ಪ್ರಕಾರ, ದುಡ್ಡು ಕಟ್ಟಿ ಆಡುವ ಆಟಕ್ಕೆ ಜಾಹೀರಾತು ಮಾಡಿದವರಿಗೂ ಎರಡು ವರ್ಷದವರೆಗೆ ಜೈಲು, 50 ಲಕ್ಷದವರೆಗೆ ದಂಡ. ಬೇರೆ ಪ್ರಚಾರ ಏನೇ ಮಾಡಿದರೂ ದುಡ್ಡು ತಗೊಂಡಿದ್ದರೆ ವಿಡಿಯೊದಲ್ಲೇ ಹೇಳಬೇಕು. ತಪ್ಪು ದಾರಿಗೆಳೆಯುವ ಜಾಹೀರಾತಿಗೆ ಗ್ರಾಹಕ ರಕ್ಷಣಾ ಕಾಯ್ದೆಯಲ್ಲಿ 10 ಲಕ್ಷದವರೆಗೆ ದಂಡ ಇದೆ. ನಾವು ಈಗ ಹೋಂಸ್ಟೇ ವಿಡಿಯೊದಲ್ಲೂ "ಇದಕ್ಕೆ ದುಡ್ಡು ತಗೊಂಡಿದ್ದೇವೆ" ಅಂತ ಬಾಯಿಬಿಟ್ಟು ಹೇಳುತ್ತೇವೆ. ಮೊದಮೊದಲು ಹೋಂಸ್ಟೇಯವರಿಗೇ ಮುಜುಗರ ಆಗುತ್ತಿತ್ತು.

ತಂಡ ಒಡೆದ್ರೆ ಪೇಜು ಯಾರದ್ದು?

ಯಾರ ಮೊಬೈಲಿಗೆ ಒಟಿಪಿ ಬರುತ್ತದೋ ಅವರದ್ದು. ನಗಬೇಡಿ, ನಿಜವಾಗಿ ಆಗುವುದು ಇದೇ. ನಮ್ಮಲ್ಲಿ ಒಬ್ಬ ಮುನಿಸಿಕೊಂಡು ಬೆಂಗಳೂರಿಗೆ ಹೋದ. ಅಕೌಂಟ್ ಅವನ ಹಳೆಯ ನಂಬರಿಗೆ ಜೋಡಿಸಿತ್ತು. ಹನ್ನೊಂದು ದಿನ ಪೇಜು ಸ್ತಬ್ಧ. ಕೊನೆಗೆ ಅವನ ಅಮ್ಮ ಫೋನ್ ಮಾಡಿ ಬೈದ ಮೇಲೆ ಒಟಿಪಿ ಬಂತು.

ಪೇಜು ಬೇರೆ, ಹೆಸರು ಬೇರೆ. ಹೆಸರು ಉಳಿಸಿಕೊಳ್ಳಲು ಟ್ರೇಡ್‌ಮಾರ್ಕ್ ಮಾಡಿಸಬೇಕು. ಮನರಂಜನೆ ಬರುವುದು 41ನೇ ವರ್ಗದಲ್ಲಿ. ಒಬ್ಬರ ಹೆಸರಲ್ಲಿ ಆನ್‌ಲೈನ್ ಅರ್ಜಿ ಹಾಕಿದರೆ ಸರ್ಕಾರಿ ಶುಲ್ಕ 4,500 ರೂಪಾಯಿ. ನೋಂದಣಿ ಹತ್ತು ವರ್ಷ ಇರುತ್ತದೆ, ಆಮೇಲೆ ನವೀಕರಿಸಬಹುದು. ಅರ್ಜಿ ಯಾರ ಹೆಸರಲ್ಲಿ ಹಾಕಬೇಕು ಅಂತ ನಾವು ಒಂದು ವರ್ಷ ಜಗಳಾಡಿದೆವು. ಅದನ್ನು ಇಲ್ಲಿ ಬರೆದರೆ ಮತ್ತೆ ಶುರುವಾಗುತ್ತದೆ.

ಹಾಡು ಬರೆಸ್ಕೊಂಡು ದುಡ್ಡು ಕೊಟ್ಟ ಮೇಲೆ ಅದು ನಮ್ಮದೇ ಅಲ್ವಾ?

ಕಾಗದ ಇದ್ದರೆ ಮಾತ್ರ. ಹಕ್ಕು ಬಿಟ್ಟುಕೊಡುವುದು ಬರವಣಿಗೆಯಲ್ಲಿ, ಸಹಿ ಸಮೇತ ಇರಬೇಕು. ಗೂಗಲ್ ಪೇ ಮಾಡಿದ ಸ್ಕ್ರೀನ್‌ಶಾಟ್ ಒಪ್ಪಂದ ಆಗುವುದಿಲ್ಲ. ಎಷ್ಟು ವರ್ಷ ಅಂತ ಬರೆಯದಿದ್ದರೆ ಕಾಯ್ದೆ ಐದೇ ವರ್ಷ ಅಂತ ಲೆಕ್ಕ ಹಿಡಿಯುತ್ತದೆ. ಎಲ್ಲಿಗೆ ಅಂತ ಬರೆಯದಿದ್ದರೆ ಭಾರತಕ್ಕೆ ಮಾತ್ರ. ತಗೊಂಡ ಹಕ್ಕನ್ನು ಒಂದು ವರ್ಷದೊಳಗೆ ಬಳಸದಿದ್ದರೆ, ಬೇರೆ ಮಾತಾಗಿರದಿದ್ದರೆ, ಅದು ವಾಪಸ್ ಬರೆದವರಿಗೇ ಹೋಗುತ್ತದೆ. ಇಷ್ಟೆಲ್ಲ ಆದರೂ 2012ರ ತಿದ್ದುಪಡಿ ಆದ ಮೇಲೆ, ಸಾಹಿತ್ಯ ಬರೆದವರ, ಸಂಗೀತ ಕೂರಿಸಿದವರ ರಾಯಲ್ಟಿ ಪಾಲನ್ನು ಒಂದೇ ಸಲ ದುಡ್ಡು ಕೊಟ್ಟು ಬರೆಸಿಕೊಳ್ಳುವುದು ಸುಲಭ ಇಲ್ಲ.

ನಮ್ಮದು ಈಗ ಒಂದೇ ಪುಟದ ಕಾಗದ, ಕನ್ನಡದಲ್ಲಿ. ಸಹಿ ಮಾಡಿ ಅಂದರೆ "ನಂಬಿಕೆ ಇಲ್ವಾ ನಮ್ಮ ಮೇಲೆ?" ಅನ್ನುವವರು ಇದ್ದಾರೆ. ಮೊದಲು ಕಾಫಿ ಕುಡಿಸಿ, ಆಮೇಲೆ ಪೆನ್ನು ತೆಗೆಯುತ್ತೇವೆ.

ಕೊನೆಗೆ ಆ ಅಜ್ಜಿಗೆ ದುಡ್ಡು ಕೊಟ್ರಾ, ಇಲ್ವಾ?

ಕೊಟ್ಟೆವು, ತಡವಾಗಿ. ಆ ವಿಡಿಯೊದಿಂದ ಬಂದದ್ದರಲ್ಲಿ ಅರ್ಧ ಅವರಿಗೆ ಅಂತ ಮಾತಾಯಿತು. ಹೆಸರೂ ಹಾಕಿದೆವು. ಮೊದಲ ಕಂತು 3,140 ರೂಪಾಯಿ. ಮೊಮ್ಮಗನ ಖಾತೆಗೆ ಹಾಕ್ತೀವಿ ಅಂದರೆ ಅಜ್ಜಿ ಒಪ್ಪಲಿಲ್ಲ. ನಾವೇ ನೋಟು ತಗೊಂಡು ಹೋದೆವು.

ಎಣಿಸಿ ಸೆರಗಿಗೆ ಕಟ್ಟಿಕೊಂಡು, "ಇದು ಯಾವ ಪದಕ್ಕೆ?" ಅಂತ ಕೇಳಿದರು. ಮೊಬೈಲಲ್ಲಿ ಹಾಕಿ ಕೇಳಿಸಿದೆ. ಹುಂಜ ಕೂಗಿದಾಗ ನಕ್ಕರು. ಪೂರ್ತಿ ಕೇಳಿ ಆದ ಮೇಲೆ, "ಇದು ನಂಗೆ ಅರ್ಧನೇ ಬರೋದು. ಪೂರ್ತಿ ಬರೋದು ಅವಳಿಗೆ, ನಂಗೆ ಹೇಳಿಕೊಟ್ಟೋಳೇ ಅವಳು" ಅಂತ ಗದ್ದೆಯಾಚೆಯ ಮನೆ ತೋರಿಸಿದರು.

ಆ ಮನೆಯಲ್ಲಿ ಈ ಸಲ ಅಡಿಕೆ ಸುಲಿಯುವುದು ಇನ್ನೂ ಶುರುವಾಗಿಲ್ಲ. ಶುರುವಾದ ಕೂಡಲೇ ಫೋನ್ ಮಾಡ್ತೀನಿ ಅಂದಿದ್ದಾನೆ ಮೊಮ್ಮಗ. ಕಾಗದ ಎರಡು ಪ್ರತಿ ತೆಗೆದಿಟ್ಟಿದ್ದೇನೆ.